ಇಂಟರ್‌ನ್ಯಾಷನಲ್ ಬಿಸಿನೆಸ್ ಓದುತ್ತೀರಾ? ಕಾಲೇಜಿಗಿಂತ ಮೊದಲು ಭಾಷೆ ಗೊತ್ತುಮಾಡಿ

ಪ್ಲಸ್ ಟು ರಿಸಲ್ಟ್ ಬಂದ ಕೂಡಲೇ ನಮ್ಮ ಕಾಸರಗೋಡಿನ ಕಡೆ ಈ ಮಾತು ಶುರುವಾಗುತ್ತದೆ: ಬರೀ ಬಿ.ಕಾಂ. ಬೇಡ, ಇಂಟರ್‌ನ್ಯಾಷನಲ್ ಬಿಸಿನೆಸ್ ಓದಬೇಕು, ಜೊತೆಗೆ ಒಂದು ವಿದೇಶಿ ಭಾಷೆಯೂ ಇರಲಿ. ಯಾವ ಭಾಷೆ ಅಂತ ಕೇಳಿದರೆ ಹೆಚ್ಚಿನವರು ಜರ್ಮನ್ ಅನ್ನುತ್ತಾರೆ, ಯಾಕೆಂದರೆ ನರ್ಸಿಂಗ್ ಮಾಡಿದ ಯಾರೋ ನೆಂಟರು ಅದನ್ನು ಕಲಿತು ಹೋಗಿರುತ್ತಾರೆ. ನರ್ಸಿಗೆ ಆ ಲೆಕ್ಕ ಸರಿ. ವ್ಯಾಪಾರ ಓದುವವರ ಲೆಕ್ಕ ಬೇರೆ.

ನಮ್ಮ ಊರಿನ ಸರಕು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ. ಗೇರುಬೀಜವನ್ನೇ ತೆಗೆದುಕೊಳ್ಳಿ. ಮಂಗಳೂರು ಕಡೆಯ ಫ್ಯಾಕ್ಟರಿಗಳಿಗೆ ಇಲ್ಲಿನ ಗುಡ್ಡದ ಬೀಜ ಸಾಲುವುದಿಲ್ಲ, ಆಫ್ರಿಕಾದಿಂದ ತರಿಸುತ್ತಾರೆ. ಹಸಿ ಗೇರುಬೀಜ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲು ಐವರಿ ಕೋಸ್ಟ್, ಅಲ್ಲೂ ಅದೇ ಕಡೆಯ ಬೆನಿನ್‌ನಲ್ಲೂ ಕಚೇರಿ ಭಾಷೆ ಫ್ರೆಂಚ್. ಗಿನಿ ಬಿಸ್ಸಾವ್, ಮೊಜಾಂಬಿಕ್‌ನಲ್ಲಿ ಪೋರ್ಚುಗೀಸ್. ಅಂದರೆ ಫ್ರೆಂಚ್ ಕಲಿತವರಿಗೆ ಪ್ಯಾರಿಸ್ಸಿಗೆ ಹೋಗದೆಯೂ ಕೆಲಸ ಇದೆ, ಅಲ್ವಾ?

ಅರಬ್ಬಿಯನ್ನೂ ಸುಮ್ನೆ ತಳ್ಳಿಹಾಕಬೇಡಿ. ದುಬೈಯಲ್ಲಿ ಮಲಯಾಳ, ಇಂಗ್ಲಿಷ್ ಇದ್ದರೆ ಬದುಕಬಹುದು, ನಿಜ. ಆದರೆ ಕೋರ್ಟು, ಸರಕಾರಿ ಕಾಗದ ಅಂತ ಬಂದರೆ ಹೆಚ್ಚಾಗಿ ಅರಬ್ಬಿಯೇ ಬೇಕು. ಯುಎಇ ಜೊತೆ ಭಾರತದ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಶಾಲೆಯಲ್ಲಿ ಅರಬ್ಬಿ ತೆಗೆದುಕೊಂಡವರಿಗೆ ಲಿಪಿಯ ತಲೆನೋವು ಮುಗಿದಿದೆ, ಅಲ್ಲಿಂದ ಮುಂದಕ್ಕೆ ಹೋದರಾಯಿತು. ಜಪಾನಿ? ವಾಕ್ಯದ ಕ್ರಮ ಕನ್ನಡದ ಹಾಗೆಯೇ, ಕ್ರಿಯಾಪದ ಕೊನೆಗೆ ಬರುತ್ತದೆ, ಆದ್ದರಿಂದ ಮಾತು ಬೇಗ ಹಿಡಿಯುತ್ತದೆ. ಕಾಂಜಿ ಅಕ್ಷರ ಮಾತ್ರ ವರ್ಷಗಟ್ಟಲೆ ತಿನ್ನುತ್ತದೆ.

ಈಗ ಸಮಯದ ವಿಷಯ, ಎಲ್ಲರೂ ಎಡವುವುದು ಇಲ್ಲೇ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ವರೆಗೆ ಆರು ಹಂತ ಇವೆ. ಎ1 ಸರ್ಟಿಫಿಕೇಟಿನಿಂದ ವ್ಯಾಪಾರ ನಡೆಯುವುದಿಲ್ಲ, ಬಿ2 ಅಂದರೆ ನಾಲ್ಕನೇ ಹಂತ ಬೇಕು. ಫ್ರೆಂಚಿನಲ್ಲಿ ಅಲ್ಲಿಗೆ ತಲುಪಲು ಸುಮಾರು 600 ಗಂಟೆ ಹಿಡಿಯುತ್ತದೆ. ದಿನಕ್ಕೆ ಒಂದು ಗಂಟೆ ಅಂದರೂ ಎರಡು ವರ್ಷದ ಹತ್ತಿರ ಆಯಿತು. ಅದಕ್ಕೇ ಡಿಗ್ರಿಯ ಕೊನೆಯ ವರ್ಷ ನೋಡೋಣ ಅನ್ನಬೇಡಿ, ಪ್ಲಸ್ ಟು ಪರೀಕ್ಷೆ ಮುಗಿದ ವಾರವೇ ಶುರುಮಾಡಿ. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುವ ನಮಗೆ ಭಾಷೆ ಸಲೀಸು ಅನ್ನುವ ಜಂಬ ಸ್ವಲ್ಪ ಇದೆ. ಆದರೆ ಅವೆಲ್ಲ ಕಿವಿಯಿಂದ ಬಂದದ್ದು. ಫ್ರೆಂಚ್ ಮಾತಾಡುವವರು ಕುಂಬಳೆ ಪೇಟೆಯಲ್ಲಿ ಸಿಗುವುದಿಲ್ಲ, ಹಾಗಾಗಿ ವ್ಯಾಕರಣದ ಪುಸ್ತಕ ಇಟ್ಟುಕೊಂಡು ಕೂರಲೇಬೇಕು.

ಕಡಿಮೆ ಖರ್ಚಿನಲ್ಲಿ ಶುರುಮಾಡಲು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಕೋರ್ಸ್ ಇದೆ. ಬೆಂಗಳೂರಿನಲ್ಲಿ ಫ್ರೆಂಚಿಗೆ ಅಲಿಯಾನ್ಸ್ ಫ್ರಾಂಸೇಸ್, ಜರ್ಮನ್‌ಗೆ ಮ್ಯಾಕ್ಸ್ ಮ್ಯುಲ್ಲರ್ ಭವನ. ಕ್ಲಾಸನ್ನು ಆನ್‌ಲೈನ್‌ನಲ್ಲಿ ಮಾಡಿ, ಪರೀಕ್ಷೆಗೆ ಮಾತ್ರ ಕಣ್ಣೂರು–ಬೆಂಗಳೂರು ರಾತ್ರಿ ರೈಲು ಹತ್ತಿದರೆ ಸಾಕು.

ಡಿಗ್ರಿ ಆರಿಸುವಾಗ ಕೋರ್ಸಿನ ಹೆಸರಿಗೆ ಮರುಳಾಗಬೇಡಿ. ಸಿಲೆಬಸ್ ತೆಗೆದು ಭಾಷೆಗೆ ಎಷ್ಟು ಸೆಮಿಸ್ಟರ್, ವಾರಕ್ಕೆ ಎಷ್ಟು ಗಂಟೆ ಅಂತ ಎಣಿಸಿ. ಒಂದೇ ಸೆಮಿಸ್ಟರ್ ಇದ್ದರೆ ಅದು ಬ್ರೋಷರಿನ ಅಲಂಕಾರ, ಅಷ್ಟೇ. ನನಗೆ ಕೇಳಿದರೆ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಅಥವಾ ಬಿಬಿಎ ಮಾಡಿ, ಭಾಷೆಯನ್ನು ಹೊರಗೆ ಗಟ್ಟಿಯಾಗಿ ಕಲಿತು, ಆಮೇಲೆ ಕ್ಯಾಟ್ ಪ್ರವೇಶ ಪರೀಕ್ಷೆ ಬರೆದು ಐಐಎಫ್‌ಟಿಯಲ್ಲಿ (ಕೇಂದ್ರ ಸರಕಾರದ ವಿದೇಶ ವ್ಯಾಪಾರ ಸಂಸ್ಥೆ) ಇಂಟರ್‌ನ್ಯಾಷನಲ್ ಬಿಸಿನೆಸ್ ಎಂಬಿಎಗೆ ಪ್ರಯತ್ನಿಸುವುದು ಒಳ್ಳೆಯದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕಾಮರ್ಸ್ ಆಂಡ್ ಇಂಟರ್‌ನ್ಯಾಷನಲ್ ಬಿಸಿನೆಸ್ ಅನ್ನುವ ವಿಭಾಗ ಇದೆ. ಉಲ್ಟಾ ದಾರಿಯೂ ಉಂಟು: ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇಫ್ಲೂನಲ್ಲಿ ಭಾಷೆಯಲ್ಲೇ ಬಿ.ಎ., ಆಮೇಲೆ ಮ್ಯಾನೇಜ್‌ಮೆಂಟ್.

ಹೊರದೇಶಕ್ಕೇ ಹೋಗುವುದಾದರೆ ಫ್ರಾನ್ಸಿನ ಸರಕಾರಿ ವಿಶ್ವವಿದ್ಯಾಲಯಗಳ ಎಲ್‌ಇಎ (ಅನ್ವಯಿಕ ವಿದೇಶಿ ಭಾಷೆಗಳ) ಡಿಗ್ರಿ ನೋಡಿ. ಎರಡು ವಿದೇಶಿ ಭಾಷೆ, ಜೊತೆಗೆ ಕಾನೂನು, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ಎಲ್ಲ ಒಂದೇ ಕೋರ್ಸಿನಲ್ಲಿ. ಪಾಠ ಫ್ರೆಂಚಿನಲ್ಲಿ ನಡೆಯುವುದರಿಂದ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಬ್ರಿಟನ್ನಿನಲ್ಲಿ ಭಾಷೆ ಸೇರಿದ ಇಂಥ ಡಿಗ್ರಿ ಹೆಚ್ಚಾಗಿ ನಾಲ್ಕು ವರ್ಷ, ಒಂದು ವರ್ಷ ಆ ಭಾಷೆಯ ದೇಶದಲ್ಲೇ ಇರಬೇಕು, ಖರ್ಚೂ ಜಾಸ್ತಿ. ಜರ್ಮನಿಯಲ್ಲಿ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಿಗೆ ಬೋಧನಾ ಶುಲ್ಕ ಇಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಫೀಸಿಲ್ಲ ಅಂತ ಕೂಡಲೇ ಸೂಟ್‌ಕೇಸ್ ಕಟ್ಟಬೇಡಿ. ನಮ್ಮ ಮಾರ್ಕ್ ಲಿಸ್ಟು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕು, ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ವರ್ಷದ ಖರ್ಚಿಗೆ ದುಡ್ಡು ತೋರಿಸಬೇಕು (2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ), ಬರೀ ಪ್ಲಸ್ ಟು ಇದ್ದರೆ ನೇರ ಪ್ರವೇಶವೂ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಒಂದು ವರ್ಷ ಡಿಗ್ರಿ ಓದಿ ಪಾಸಾಗಿರಬೇಕು, ಇಲ್ಲವೇ ಅಲ್ಲಿ ಡಿಗ್ರಿಗೆ ಮೊದಲಿನ ಸ್ಟುಡಿಯನ್‌ಕೊಲೆಗ್ ಅನ್ನುವ ತಯಾರಿ ಕೋರ್ಸ್ ಮಾಡಬೇಕು.

ಓದುವಾಗ ಭಾಷೆಯನ್ನೂ ವ್ಯಾಪಾರವನ್ನೂ ಬೇರೆಬೇರೆ ನೋಟ್‌ಬುಕ್ಕಿನಲ್ಲಿ ಇಡಬೇಡಿ. ಭಾಷಾ ಕ್ಲಾಸಿನಲ್ಲಿ ಹೋಟೆಲಿಗೆ ಹೋಗಿ ಕಾಫಿ ಕೇಳುವುದು ಹೇಳಿಕೊಡುತ್ತಾರೆ, ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕು ಹತ್ತಿಸಿದ್ದಕ್ಕೆ ಕೊಡುವ ರಸೀದಿ) ಅಲ್ಲ. ಹಾಗಾಗಿ ಸಾಗಣೆಯ ಖರ್ಚು, ನಷ್ಟ ಯಾರ ತಲೆಗೆ ಅಂತ ಹೇಳುವ ಇನ್‌ಕೋಟರ್ಮ್ಸ್ 2020ರ ಹನ್ನೊಂದು ಷರತ್ತು, ಲೆಟರ್ ಆಫ್ ಕ್ರೆಡಿಟ್ (ಹಣಕ್ಕೆ ಬ್ಯಾಂಕು ಕೊಡುವ ಖಾತ್ರಿ ಪತ್ರ), ಇನ್‌ವಾಯ್ಸ್, ಇವನ್ನೆಲ್ಲ ಕಲಿಯುವ ಭಾಷೆಯಲ್ಲೇ ಬರೆದುಕೊಳ್ಳಿ. ಆಮೇಲೆ ಒಂದು ಪತ್ರ ಬರೆದು ನೋಡಿ: ಕಂಟೇನರ್ ತಡವಾಗಿದೆ, ಬೀಜದಲ್ಲಿ ತೇವಾಂಶ ಜಾಸ್ತಿ, ಔಟ್‌ಟರ್ನ್ (ಬೀಜದಿಂದ ಸಿಗುವ ತಿರುಳು) ಕಡಿಮೆ ಬಂದಿದೆ, ರೇಟು ಇಳಿಸಿ. ಗೇರುಬೀಜದವರು 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬಂತು ಅನ್ನುವುದರ ಮೇಲೆಯೇ ಜಗಳ ಆಡುವುದು. ಆ ಜಗಳವನ್ನು ಮರ್ಯಾದೆಯಿಂದ ಫ್ರೆಂಚಿನಲ್ಲಿ ಬರೆಯಲು ಬಂದರೆ ಇಂಟರ್‌ವ್ಯೂನಲ್ಲಿ ನಿಮ್ಮನ್ನು ಬೇಗ ಮರೆಯುವುದಿಲ್ಲ.

ಇನ್ನೊಂದು. ನಮ್ಮ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ತಂದೆಯ ಹೆಸರೋ ಮನೆ ಹೆಸರೋ ಆಗಿರುತ್ತದೆ. ಭಾಷಾ ಪರೀಕ್ಷೆಗೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ಕೊಡಿ. ಅದಕ್ಕೂ ಮಾರ್ಕ್ ಲಿಸ್ಟಿಗೂ ವ್ಯತ್ಯಾಸ ಇದ್ದರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮೊದಲೇ ಸರಿಮಾಡಿಸಿಕೊಳ್ಳಿ.