ಹದಿನಾಲ್ಕು ಹಲ್ಲೋ ಹದಿನೈದು ಹಲ್ಲೋ

ಚಿತ್ರದುರ್ಗದಿಂದ ಹೊಳಲ್ಕೆರೆಗೆ ದಿನಾ ಬೈಕಲ್ಲೇ ಹೋಗಿ ಬರ್ತೀನಿ. ಎರಡೂ ಸೇರಿದರೆ ಅರವತ್ತು ಕಿಲೋಮೀಟರ್ ದಾಟುತ್ತದೆ. ನೂರು ಸಿಸಿ ಗಾಡಿ, ನಾಲ್ಕು ಗೇರು. ಭಾನುವಾರ ಮಾವನ ತೋಟದಿಂದ ಒಂದು ಚೀಲ ತೆಂಗಿನಕಾಯಿಯನ್ನೂ ಹೊರಬೇಕು ಪಾಪ ಅದು.

ಕಳೆದ ಬೇಸಿಗೆಯಲ್ಲಿ ಚೈನ್ ಕವರ್ ಒಳಗಿಂದ ಕಟಕಟ ಸದ್ದು ಶುರುವಾಯಿತು. ಚೈನ್ ಬಿಗಿ ಮಾಡಿಸಿದರೆ ಎರಡು ದಿನ ಸುಮ್ಮನಿರೋದು, ಮತ್ತೆ ಅದೇ ರಾಗ. ಹಾಗೆ ನೋಡಿದರೆ ತಪ್ಪು ನಂದೇ. ಅದರ ಹಿಂದಿನ ಸಲ ದುಡ್ಡು ಉಳಿಸೋಕೆ ಹೋಗಿ ಸ್ಪ್ರಾಕೆಟ್ಟುಗಳನ್ನು, ಅಂದರೆ ಚೈನ್ ಸುತ್ತುವ ಮುಂದಿನ ಹಿಂದಿನ ಹಲ್ಲಿನ ಚಕ್ರಗಳನ್ನು, ಹಾಗೇ ಬಿಟ್ಟು ಬರೀ ಚೈನ್ ಹಾಕಿಸಿದ್ದೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರಲ್ಲ. ಎಳೆತವೆಲ್ಲ ಒಂದೆರಡು ಹಲ್ಲಿನ ಮೇಲೇ ಬಿದ್ದು, ಎರಡು ವರ್ಷ ಬರಬೇಕಾದ ಚೈನ್ ಒಂದು ವರ್ಷವೂ ಬರಲಿಲ್ಲ.

ಈ ಸಲ ಅಳೆದೇ ನೋಡಿದೆ. ನಮ್ಮ ಗಾಡಿಗೆ ಬರೋದು 428 ಚೈನ್. ಅದರ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ 12.7 ಮಿ.ಮೀ., ಅಂದರೆ ಅರ್ಧ ಇಂಚು. ಹೊಸದರಲ್ಲಿ ಇಪ್ಪತ್ತು ಕೊಂಡಿಗೆ 254 ಮಿ.ಮೀ. ಬರಬೇಕು. ಹೆಂಡತಿಯ ಹೊಲಿಗೆ ಟೇಪ್ ಹಿಡಿದು ಅಳೆದರೆ 260! ಚೈನ್ ಹಿಗ್ಗಿದೆ ಅಂತೀವಿ, ಆದರೆ ಕಬ್ಬಿಣವೇನೂ ರಬ್ಬರಿನ ಹಾಗೆ ಎಳೆದುಕೊಂಡಿರಲ್ಲ. ಒಂದೊಂದು ಪಿನ್ನೂ ಅದು ಕೂರುವ ಕೊಳವೆ, ಅಂದರೆ ಬುಷ್ಷೂ ಚೂರು ಚೂರು ಸವೆದು, ಆ ಸವೆತವೆಲ್ಲ ಸೇರಿ ಆರು ಮಿ.ಮೀ. ಆಗಿರುತ್ತದೆ. 259 ದಾಟಿದರೆ ಬದಲಾಯಿಸಬೇಕು ಅಂತಲೇ ಲೆಕ್ಕ. ಟೇಪ್ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಬೆರಳಲ್ಲಿ ಹಿಡಿದು ಎಳೀರಿ. ಅರ್ಧ ಹಲ್ಲು ಕಾಣಿಸಿದರೆ ಮುಗೀತು ಅದರ ಕಥೆ. ನನ್ನ ಗಾಡಿಯ ಮುಂದಿನ ಸ್ಪ್ರಾಕೆಟ್ಟಿನ ಹಲ್ಲುಗಳಂತೂ ಕುಡುಗೋಲಿನ ಮೊನೆ ಥರ ಒಂದೇ ಕಡೆಗೆ ಬಾಗಿದ್ದವು.

ಹಳೆಯವುಗಳ ಹಲ್ಲು ಎಣಿಸಿದೆ. ಮುಂದೆ 14, ಹಿಂದೆ 44. ದಾವಣಗೆರೆಗೆ ಹೋದಾಗ ಅದೇ ಅಳತೆಯ ಪೂರ್ತಿ ಕಿಟ್, ಅಂದರೆ ಚೈನೂ ಎರಡೂ ಸ್ಪ್ರಾಕೆಟ್ಟೂ ತಗೊಂಡೆ. ಅಂಗಡಿಯವರು ಸುಮ್ಮನಿರಬೇಕಲ್ಲ, "ಹೈವೇದಾಗ ಓಡಿಸ್ತೀರೇನ್ರಿ? ಮುಂದಕ್ಕೆ ಹದಿನೈದು ಹಲ್ಲಿಂದು ಹಾಕಿ ನೋಡ್ರಿ, ಮೈಲೇಜ್ ಬರ್ತೈತಿ" ಅಂದರು. ಆಸೆ ಯಾರಿಗಿರಲ್ಲ? ಒಳತೂತಿನ ಗಾಡಿಗಳು, ಅಂದರೆ ಸ್ಪ್ಲೈನ್ ಹಳೆಯದಕ್ಕೆ ಹೊಂದುತ್ತಾ ಅಂತ ಪಕ್ಕಪಕ್ಕ ಇಟ್ಟು ನೋಡಿ ಅದನ್ನೂ ಒಂದು ಕೊಂಡೆ.

ಮನೆ ಮುಂದಿನ ಕಟ್ಟೆ ಹತ್ತಿರ ಡಬಲ್ ಸ್ಟ್ಯಾಂಡ್ ಹಾಕಿ ಕೆಲಸಕ್ಕೆ ಕೂತೆ. ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳನ್ನು ಚಕ್ರ ಗಾಡಿಯಲ್ಲಿರುವಾಗಲೇ ಸಡಿಲ ಮಾಡಬೇಕಿತ್ತು. ಒಬ್ಬರು ಬ್ರೇಕ್ ತುಳಿದು ಹಿಡಿದರೆ ಆರಾಮಾಗಿ ಬರುತ್ತವೆ. ನಾನು ಮೊದಲೇ ಚಕ್ರ ಬಿಚ್ಚಿಬಿಟ್ಟೆ. ಆಮೇಲೆ ಪಾನಾ ಹಾಕಿ ತಿರುಗಿಸಿದರೆ ನಟ್ ಬದಲು ಚಕ್ರವೇ ತಿರುಗುತ್ತದೆ. ಕೊನೆಗೆ ಮಗನನ್ನು ಟೈರಿನ ಮೇಲೆ ಕೂರಿಸಿ ಬಿಚ್ಚಿದ್ದಾಯಿತು. ನಟ್ಟಿನ ಕೆಳಗೆ ಲಾಕ್ ವಾಷರ್ ಇರುತ್ತದೆ. ಅದರ ಮಡಚಿದ ಕಿವಿಯನ್ನು ಉಳಿಯಿಂದ ಮೊದಲು ನೆಟ್ಟಗೆ ಮಾಡಬೇಕು, ಹೊಸದು ಕೂರಿಸಿದ ಮೇಲೆ ಮತ್ತೆ ಮಡಚಬೇಕು. ಹಬ್ಬಿನೊಳಗಿನ ಡ್ಯಾಂಪರ್ ರಬ್ಬರ್ ಒಣಗಿ ಸೀಳಿತ್ತು, ಅದನ್ನೂ ಬದಲಾಯಿಸಿದೆ. ಅಷ್ಟೆಲ್ಲ ಬಿಚ್ಚಿ ಆ ಸಣ್ಣ ರಬ್ಬರನ್ನು ಹಳೆಯದೇ ಬಿಡೋದು ದಡ್ಡತನ.

ಮುಂದಿನದು ಸಲೀಸು. ಗೇರ್ ಲಿವರ್ ಮತ್ತು ಎಡಗಡೆ ಕವರ್ ಬಿಚ್ಚಿದರೆ, ಹತ್ತನೇ ನಂಬರ್ ಪಾನಾದ ಎರಡು ಬೋಲ್ಟು, ಒಂದು ಪ್ಲೇಟು, ಅಷ್ಟೇ. ಆದರೆ ಕವರಿನೊಳಗೆ ಎಣ್ಣೆಯೂ ಎರೆಮಣ್ಣೂ ಕಲೆತು ಗಟ್ಟಿಯಾದ ಮಡ್ಡಿ ಒಂದು ಹಿಡಿ ಸಿಕ್ಕಿತು. ಸ್ಕ್ರೂಡ್ರೈವರಿನಲ್ಲಿ ಕೆರೆದು ಸೀಮೆಎಣ್ಣೆಯಲ್ಲಿ ತೊಳೆಯೋಕೇ ಅರ್ಧ ಗಂಟೆ ಹೋಯಿತು. ನಾನು ಹಾಕಿದ್ದು ಹದಿನೈದು ಹಲ್ಲಿನದು. ಹೀಗೆ ದೊಡ್ಡ ಸ್ಪ್ರಾಕೆಟ್ ಹಾಕಿದಾಗ ಚೈನ್ ಕವರಿಗೆ ಉಜ್ಜುತ್ತಾ ಅಂತ ಚಕ್ರ ಕೈಯಲ್ಲಿ ತಿರುಗಿಸಿ ನೋಡಬೇಕು. ಎಂಜಿನ್ ಚಾಲೂ ಇಟ್ಟುಕೊಂಡು ಚೈನ್ ಹತ್ತಿರ ಕೈ ತರಲೇಬೇಡಿ. ಬೆರಳು ಹೋಗೋಕೆ ಒಂದು ಕ್ಷಣ ಸಾಕು.

ಚೈನ್ ಲಾಕಿನ ಕ್ಲಿಪ್ಪನ್ನು ಮೀನು ಅಂದುಕೊಳ್ಳಿ. ಚೈನ್ ಓಡುವ ಕಡೆಗೆ ತಲೆ, ಅಂದರೆ ಮುಚ್ಚಿದ ತುದಿ. ಬಾಲ ಹಿಂದಕ್ಕೆ. ಉಲ್ಟಾ ಹಾಕಿದರೆ ಏನಾದರೂ ತಗುಲಿದಾಗ ಕ್ಲಿಪ್ ಹಾರಿಹೋಗುತ್ತದೆ. ಹಿಂದಿನ ಚಕ್ರ ಸರಿಸುವ ಎರಡೂ ಕಡೆಯ ಅಡ್ಜಸ್ಟರ್ ಗೆರೆಗಳು ಒಂದೇ ಅಂಕೆಯಲ್ಲಿರಲಿ. ಚೈನ್ ನಡುಮಧ್ಯದಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಡಬೇಕು. ಒಂದು ಸುತ್ತಿನಲ್ಲಿ ಎಲ್ಲಿ ತೀರಾ ಬಿಗಿಯಾಗಿರುತ್ತದೋ ಅಲ್ಲೇ ಅಳೆಯಬೇಕು. ಚಕ್ರ ಹಿಂದೆ ಮುಂದೆ ಸರಿದರೆ ಬ್ರೇಕ್ ರಾಡಿನ ಅಳತೆಯೂ ಬದಲಾಗುತ್ತದೆ. ಇದನ್ನು ಮರೆತು ನಾನು ಮೊದಲ ತಿರುವಿನಲ್ಲೇ ಬ್ರೇಕ್ ಸಿಗದೆ ಬೆವರಿದೆ.

ಈಗ ಹದಿನೈದು ಹಲ್ಲಿನ ಸಮಾಚಾರ. 44ನ್ನು 14ರಿಂದ ಭಾಗಿಸಿದರೆ 3.14, ಅಂದರೆ ಹಿಂದಿನ ಚಕ್ರದ ಒಂದು ಸುತ್ತಿಗೆ ಮುಂದಿನ ಸ್ಪ್ರಾಕೆಟ್ ಅಷ್ಟು ಸುತ್ತು ತಿರುಗಬೇಕು. 15ರಿಂದ ಭಾಗಿಸಿದರೆ 2.93. ಅದೇ ವೇಗಕ್ಕೆ ಎಂಜಿನ್ ನೂರಕ್ಕೆ ಸುಮಾರು ಏಳು ಸುತ್ತು ಕಡಿಮೆ ತಿರುಗಿದರೆ ಸಾಕು. ಮುಂದೆ 14ನ್ನೇ ಬಿಟ್ಟು ಇದೇ ಫಲ ಬೇಕೆಂದರೆ ಹಿಂದೆ ಮೂರು ಹಲ್ಲು ಇಳಿಸಿ 41 ಹಾಕಬೇಕು. ಮುಂದಿನ ಒಂದು ಹಲ್ಲಿಗೆ ಅಷ್ಟು ಬೆಲೆ. ನಮ್ಮಂಥ ಗಾಡಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ವೇಗ ಸರಿಯಾಗೇ ತೋರಿಸುತ್ತದೆ. ಗೇರ್‌ಬಾಕ್ಸಿನಿಂದ ವೇಗ ಓದುವ ಗಾಡಿಗಳಲ್ಲಿ ಹಾಗಲ್ಲ.

ಮೊದಲ ವಾರ ಖುಷಿಯೋ ಖುಷಿ. ದಾವಣಗೆರೆ ಹೈವೇಯಲ್ಲಿ ಅರವತ್ತರಲ್ಲಿ ಎಂಜಿನ್ ಸದ್ದೇ ತಗ್ಗಿತ್ತು, ಕಾಲಿಗೆ ನಡುಕವೂ ಕಡಿಮೆ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕಿದರೆ ಲೀಟರಿಗೆ ಎರಡು ಮೂರು ಕಿಲೋಮೀಟರ್ ಹೆಚ್ಚೇ ಬಂತು. ಸಿಗ್ನಲ್‌ನಲ್ಲಿ ಗಾಡಿ ಎಬ್ಬಿಸುವಾಗ ಕ್ಲಚ್ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬೇಕಿತ್ತು, ಅದನ್ನು ಗಣನೆಗೇ ತಗೊಳ್ಳಲಿಲ್ಲ.

ಆಷಾಢ ಬಂತು. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಹೊಳಲ್ಕೆರೆ ದಾರಿ ಹೋಗೋದು ನೈಋತ್ಯಕ್ಕೆ, ಮುಂಗಾರಿನ ಗಾಳಿ ಬರೋದೂ ಆ ದಿಕ್ಕಿನಿಂದಲೇ, ನೇರ ಎದೆಗೆ. ಟಾಪ್ ಗೇರಲ್ಲಿ ಐವತ್ತು ದಾಟುತ್ತಲೇ ಇರಲಿಲ್ಲ. ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಗಾಡಿ ತಿಣುಕುತ್ತಿತ್ತು. ಸಣ್ಣ ಏರು ಬಂದರೆ ಮೂರಕ್ಕೆ ಇಳಿಸಲೇಬೇಕು. ಟಾಪಿಗೂ ಮೂರಕ್ಕೂ ಇರುವ ಅಂತರ ಒಂದು ಹಲ್ಲಿನ ಅಂತರಕ್ಕಿಂತ ಎಷ್ಟೋ ದೊಡ್ಡದು. ಮೊದಲು 14 ಹಲ್ಲಿನಲ್ಲಿ ಟಾಪ್‌ನಲ್ಲೇ ಹೋಗುತ್ತಿದ್ದ ದಾರಿಯನ್ನು ಈಗ ಮೂರರಲ್ಲಿ ಅರಚಿಸಿಕೊಂಡು ಹೋಗ್ತಿದ್ದೆ. ಹೈವೇಯಲ್ಲಿ ಉಳಿದದ್ದು ಇಲ್ಲಿ ಬಡ್ಡಿ ಸಮೇತ ಹೋಯಿತು. ತೆಂಗಿನಕಾಯಿ ಚೀಲ ಹೇರಿದ ಭಾನುವಾರವಂತೂ ಹಿಂದೆ ಬರ್ತಿದ್ದ ಮೊಪೆಡ್ಡಿನವರು ಹಾರ್ನ್ ಹೊಡೆದು ಮುಂದೆ ಹೋದರು.

ಆ ಸಂಜೆಯೇ 14ನ್ನು ವಾಪಸ್ ಹಾಕಿದೆ. ಚೈನ್ ಅದೇ ಸಾಕಾಯಿತು. ಒಂದು ಹಲ್ಲಿಗೆ ಚಕ್ರ ಸರಿಯೋದು ಮೂರು ಮಿ.ಮೀ. ಅಷ್ಟೇ, ಅಡ್ಜಸ್ಟರಿನಲ್ಲೇ ಮುಗಿಯುತ್ತದೆ.

ದಾವಣಗೆರೆಯ ಬಾಮೈದ ಮೊನ್ನೆ ಬಂದಿದ್ದ. ಅವನದೂ ಅದೇ ಗಾಡಿ, ಓಡಾಟವೆಲ್ಲ ಹರಿಹರದ ಕಡೆ, ಒಬ್ಬನೇ. "ಭಾವ, ಆ ಹದಿನೈದು ಹಲ್ಲಿಂದು ಸುಮ್ನೆ ಡಬ್ಬದಾಗೆ ಬಿದ್ದೈತಲ್ಲ, ನನಗೆ ಕೊಡ್ರಿ" ಅಂದ. ಕೊಡೋಣ ಅಂತಲೇ ಎದ್ದೆ. ಹೋಗುವ ಮುಂಚೆ ಅವನ ಗಾಡಿಯ ಚೈನನ್ನು ಹಿಂದಿನಿಂದ ಎಳೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹಲ್ಲು ಕಾಣ್ತಿತ್ತು.

"ಮೊದಲು ಕಿಟ್ ಹಾಕಿಸ್ಕೊಂಡು ಬಾ, ಆಮೇಲೆ ಕೊಡ್ತೀನಿ" ಅಂದೆ. ಮುಖ ಊದಿಸಿಕೊಂಡು ಹೋದ. ಸ್ಪ್ರಾಕೆಟ್ ಇನ್ನೂ ಡಬ್ಬದಲ್ಲೇ ಇದೆ.