ವಕೀಲನೂ ಸಂಸದನೂ ಆಗಿದ್ದವನ ಜೀವನಚರಿತ್ರೆ ಬರೆಯುವ ಬಗೆ: ಹೆನ್ರಿ ಡಂಡಾಸ್

18ನೆಯ ಶತಮಾನದ ಸ್ಕಾಟ್ಲೆಂಡಿನ ರಾಜಕಾರಣಿ ಹೆನ್ರಿ ಡಂಡಾಸನ ಜೀವನವನ್ನು ಬರೆಯಲು ಹೊರಡುವವರು ಮೊದಲು ಎರಡು ಕಾಲಪಟ್ಟಿಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಒಂದು ನ್ಯಾಯಾಲಯದ್ದು, ಇನ್ನೊಂದು ಸಂಸತ್ತಿನದು. 1742ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಈತ 1763ರಲ್ಲಿ ಅಡ್ವೊಕೇಟ್ ಆದ, 1766ರಲ್ಲಿ ಸ್ಕಾಟ್ಲೆಂಡಿನ ಸಾಲಿಸಿಟರ್ ಜನರಲ್ ಆದ, 1774ರಲ್ಲಿ ಮಿಡ್‌ಲೋಥಿಯನ್ ಕೌಂಟಿಯಿಂದ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಆಯ್ಕೆಯಾದ, ಮರುವರ್ಷವೇ ಲಾರ್ಡ್ ಅಡ್ವೊಕೇಟ್ ಪದವಿಗೆ ಏರಿದ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವಕೀಲಿಯನ್ನು ಬಿಟ್ಟು ರಾಜಕೀಯಕ್ಕೆ ಬಂದ ಎಂಬ ಸಲೀಸಾದ ವಾಕ್ಯವನ್ನು ಇಲ್ಲಿ ಬರೆಯುವಂತಿಲ್ಲ ಎಂಬುದು ತಿಳಿಯುತ್ತದೆ. 1783ರವರೆಗೆ ಆತ ಏಕಕಾಲದಲ್ಲಿ ಎರಡೂ ಆಗಿದ್ದ.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ವಿವರಿಸಲು ವ್ಯಕ್ತಿಗಿಂತ ಮೊದಲು ಸಂಸ್ಥೆಗಳನ್ನು ಪರಿಚಯಿಸಿ. ಇಂಗ್ಲೆಂಡಿನೊಂದಿಗೆ 1707ರಲ್ಲಿ ಆದ ಒಕ್ಕೂಟದಲ್ಲಿ ಸ್ಕಾಟ್ಲೆಂಡ್ ತನ್ನ ಸಂಸತ್ತನ್ನು ಕಳೆದುಕೊಂಡಿತು, ಆದರೆ ತನ್ನ ಕಾನೂನನ್ನೂ ನ್ಯಾಯಾಲಯಗಳನ್ನೂ ಉಳಿಸಿಕೊಂಡಿತು. ಹಿಂದೆ ಸಂಸತ್ತು ಸೇರುತ್ತಿದ್ದ ಎಡಿನ್‌ಬರೋದ ಪಾರ್ಲಿಮೆಂಟ್ ಹೌಸ್ ಕಟ್ಟಡ ನ್ಯಾಯಾಲಯಕ್ಕೇ ಉಳಿದು, ದೇಶದ ರಾಜಕೀಯ ಪ್ರತಿಭೆಯೆಲ್ಲ ವಕೀಲರ ನಡುವೆ ಬೆಳೆಯುವಂತಾಯಿತು. ಲಾರ್ಡ್ ಅಡ್ವೊಕೇಟ್ ಸರ್ಕಾರದ ಪರವಾಗಿ ಮೊಕದ್ದಮೆ ಹೂಡುವ ಮುಖ್ಯ ಕಾನೂನು ಅಧಿಕಾರಿಯಷ್ಟೇ ಆಗಿರಲಿಲ್ಲ, ಲಂಡನ್ನಿನ ಮಂತ್ರಿಗಳಿಗಾಗಿ ಸ್ಕಾಟ್ಲೆಂಡನ್ನು ನಡೆಸುವವನೂ ಅವನೇ ಆಗಿದ್ದ. ಡಂಡಾಸನ ತಂದೆಯೂ ಮಲಸಹೋದರನೂ ಸ್ಕಾಟ್ಲೆಂಡಿನ ಉನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ಅಧ್ಯಕ್ಷ ನ್ಯಾಯಾಧೀಶರಾಗಿದ್ದವರು. ಈ ಮಾತನ್ನು ಮೊದಲ ಪುಟದಲ್ಲೇ ಹೇಳಿಬಿಡಿ, ಇಲ್ಲವಾದರೆ 24ನೆಯ ವಯಸ್ಸಿಗೆ ಸಾಲಿಸಿಟರ್ ಜನರಲ್ ಆದದ್ದು ಕೇವಲ ಪ್ರತಿಭೆಯ ಫಲವೆಂದು ಓದುಗರು ತಿಳಿದುಕೊಳ್ಳುತ್ತಾರೆ. ಕಾಮನ್ಸ್ ಸಭೆಯಲ್ಲಿ ಸ್ಕಾಟ್ಲೆಂಡಿಗೆ ಇದ್ದದ್ದು 45 ಸ್ಥಾನಗಳು. ಇಡೀ ದೇಶದ ಕೌಂಟಿ ಮತದಾರರೆಲ್ಲ ಸೇರಿದರೂ ಮೂರು ಸಾವಿರ ಆಗುತ್ತಿರಲಿಲ್ಲ. ಇಷ್ಟು ಚಿಕ್ಕ ಬಳಗವನ್ನು ಸೈನ್ಯ, ನೌಕಾಪಡೆ ಮತ್ತು ಈಸ್ಟ್ ಇಂಡಿಯಾ ಕಂಪನಿಯ ನೌಕರಿಗಳನ್ನು ಹಂಚಿ ಒಲಿಸಿಕೊಳ್ಳಬಹುದಾಗಿತ್ತು. ಡಂಡಾಸ್ ಅದನ್ನೇ ದಶಕಗಳ ಕಾಲ ಮಾಡಿದ.

ಈ ಜೀವನದ ತಿರುಳು, ನನ್ನ ದೃಷ್ಟಿಯಲ್ಲಿ, 1778 ಮತ್ತು 1792ರ ನಡುವೆ ಇದೆ. ಬರವಣಿಗೆಯ ಹೆಚ್ಚಿನ ಶ್ರಮವೂ ಅಲ್ಲಿಗೇ ಸಲ್ಲಬೇಕು. ಜಮೈಕಾದಲ್ಲಿ ಖರೀದಿಯಾಗಿ ಸ್ಕಾಟ್ಲೆಂಡಿಗೆ ಬಂದಿದ್ದ ಜೋಸೆಫ್ ನೈಟ್ ಎಂಬ ಆಫ್ರಿಕನ್ ಯುವಕ, ತನ್ನ ಯಜಮಾನ ಜಾನ್ ವೆಡರ್‌ಬರ್ನನ ಮನೆಯನ್ನು ಬಿಟ್ಟುಹೋಗುವ ಹಕ್ಕಿಗಾಗಿ ನಡೆಸಿದ ವ್ಯಾಜ್ಯ ಕೋರ್ಟ್ ಆಫ್ ಸೆಷನ್‌ಗೆ ಬಂದಾಗ, ಲಾರ್ಡ್ ಅಡ್ವೊಕೇಟ್ ಆಗಿದ್ದ ಡಂಡಾಸ್ ನೈಟನ ಪರವಾಗಿ ವಾದಿಸಿದ; 1778ರ ಜನವರಿಯಲ್ಲಿ ನ್ಯಾಯಾಧೀಶರ ಬಹುಮತವು ಸ್ಕಾಟ್ಲೆಂಡಿನ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡುವುದಿಲ್ಲ ಎಂದು ತೀರ್ಪಿತ್ತಿತು. ಹದಿನಾಲ್ಕು ವರ್ಷಗಳ ಅನಂತರ, 1792ರ ಏಪ್ರಿಲ್‌ನಲ್ಲಿ, ಗುಲಾಮರ ವ್ಯಾಪಾರವನ್ನು ರದ್ದುಪಡಿಸಬೇಕೆಂಬ, ಸಂಸದ ವಿಲಿಯಂ ವಿಲ್ಬರ್‌ಫೋರ್ಸನ ನಿರ್ಣಯಕ್ಕೆ, ಆ ಕೆಲಸ ಕ್ರಮೇಣ ಆಗಲಿ ಎಂಬ ತಿದ್ದುಪಡಿಯನ್ನು ತಂದವನೂ ಇದೇ ಡಂಡಾಸ್. ತಿದ್ದುಪಡಿಯಾದ ನಿರ್ಣಯ 230ಕ್ಕೆ 85 ಮತಗಳಿಂದ ಅಂಗೀಕಾರವಾಯಿತು. ವ್ಯಾಪಾರ ಕಾನೂನಿನಿಂದ ನಿಂತದ್ದು 1807ರಲ್ಲಿ.

ಇಲ್ಲಿ ಆತನನ್ನು ಸಮರ್ಥಿಸುವವರ ವಾದವನ್ನೂ ಖಂಡಿಸುವವರ ವಾದವನ್ನೂ ಅವುಗಳ ಪೂರ್ಣ ಬಲದೊಂದಿಗೆ ಮುಂದಿಡಬೇಕು. ಹಿಂದಿನ ವರ್ಷವಷ್ಟೇ ವಿಲ್ಬರ್‌ಫೋರ್ಸನ ಪ್ರಸ್ತಾವ 88ಕ್ಕೆ 163 ಮತಗಳಿಂದ ಸೋತಿತ್ತು, ಆದ್ದರಿಂದ ತಿದ್ದುಪಡಿಯಿಲ್ಲದೆ ಏನೂ ದಕ್ಕುತ್ತಿರಲಿಲ್ಲ ಎನ್ನುವುದು ಸಮರ್ಥಕರ ಮಾತು. ಮೇಲ್ಮನೆಯಾದ ಲಾರ್ಡ್ಸ್ ಸಭೆ ಆ ಸೌಮ್ಯ ನಿರ್ಣಯವನ್ನೂ ಮುಂದೂಡಿತು ಎಂಬುದು ಅವರಿಗೆ ಆಧಾರ. ಆದರೆ 1796ರಲ್ಲಿ ರದ್ದತಿಯ ಮಸೂದೆ ಕೇವಲ ನಾಲ್ಕು ಮತಗಳಿಂದ ಬಿದ್ದಾಗ ಡಂಡಾಸ್ ಅದರ ವಿರುದ್ಧ ನಿಂತಿದ್ದ, ಆಗ ಆತ ಕೆರಿಬಿಯನ್ ದ್ವೀಪಗಳಿಗೆ ಸೈನ್ಯ ಕಳುಹಿಸುತ್ತಿದ್ದ ಯುದ್ಧಮಂತ್ರಿಯೂ ಹೌದು. ಈ ಎರಡನೆಯ ಸಂಗತಿಯೇ ಹೆಚ್ಚು ತೂಕದ್ದೆಂದು ನಾನು ನಂಬುತ್ತೇನೆ. ನೀವು ಬೇರೆ ನಿಲುವಿಗೆ ಬರಬಹುದು, ಆದರೆ ಆ ನಾಲ್ಕು ಮತಗಳನ್ನು ಬಿಟ್ಟು ಬರೆಯಬೇಡಿ.

ಆಕರಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಆ ಕಾಲದ ಸಂಸತ್ತಿನ ಭಾಷಣಗಳಿಗೆ ಅಧಿಕೃತ ವರದಿ ಇರಲಿಲ್ಲ. ಪತ್ರಿಕೆಗಳ ವರದಿಗಾರರು ಬರೆದುಕೊಂಡದ್ದೇ ನಮಗೆ ಉಳಿದಿದೆ, ಒಂದೇ ಭಾಷಣ ಎರಡು ಪತ್ರಿಕೆಗಳಲ್ಲಿ ಎರಡು ರೂಪದಲ್ಲಿ ಸಿಗುತ್ತದೆ. ಆದ್ದರಿಂದ ಮತಸಂಖ್ಯೆಗಳನ್ನೂ ನಿರ್ಣಯಗಳನ್ನೂ ಕಾಮನ್ಸ್ ಸಭೆಯ ನಡಾವಳಿ ಸಂಪುಟಗಳಿಂದ ಪಡೆದು, ಭಾಷಣದ ಸಾಲುಗಳನ್ನು ಉದ್ಧರಿಸುವಾಗ ಯಾವ ವರದಿಯದೆಂದು ಹೇಳಿ. ನ್ಯಾಯಾಲಯದ ಕಡೆಯ ಸ್ಥಿತಿ ಇದಕ್ಕಿಂತ ಉತ್ತಮ: ಕೋರ್ಟ್ ಆಫ್ ಸೆಷನ್‌ನಲ್ಲಿ ವಾದದ ಬಹುಭಾಗ ಮುದ್ರಿತ ಲಿಖಿತ ಹೇಳಿಕೆಗಳ ರೂಪದಲ್ಲಿ ಸಲ್ಲುತ್ತಿತ್ತು, ಅವು ಎಡಿನ್‌ಬರೋದ ಅಡ್ವೊಕೇಟ್ಸ್ ಲೈಬ್ರರಿ ಮತ್ತು ಸಿಗ್ನೆಟ್ ಲೈಬ್ರರಿಗಳಲ್ಲಿ ಉಳಿದಿವೆ. ಡಂಡಾಸನ ಮನೆಯಾಗಿದ್ದ ಮೆಲ್ವಿಲ್ ಕ್ಯಾಸಲ್‌ನ ಕುಟುಂಬದ ಪತ್ರಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿ ಇವೆ. ನೌಕರಿಗಾಗಿ ಬಂದ ಬೇಡಿಕೆಗಳನ್ನು ಅಲ್ಲಿ ಓದಿದಾಗಲೇ ಈತನ ಅಧಿಕಾರದ ನಿಜವಾದ ಯಂತ್ರ ಕಾಣುತ್ತದೆ.

ಭಾರತದ ಅಧ್ಯಾಯ ಪ್ರತ್ಯೇಕ ಅಧ್ಯಯನವನ್ನೇ ಬೇಡುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಮೇಲ್ವಿಚಾರಣೆಗೆಂದು 1784ರಲ್ಲಿ ಸ್ಥಾಪನೆಯಾದ ಸರ್ಕಾರಿ ನಿಯಂತ್ರಣ ಮಂಡಳಿಯಲ್ಲಿ ಆರಂಭದಿಂದಲೂ ಇದ್ದ ಡಂಡಾಸ್ 1793ರಿಂದ 1801ರವರೆಗೆ ಅದರ ಅಧ್ಯಕ್ಷನಾಗಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ವೆಲ್ಲೆಸ್ಲಿ ಲಂಡನ್ನಿನಲ್ಲಿ ಉತ್ತರ ಹೇಳಬೇಕಿದ್ದ ಮಂತ್ರಿ ಈತನೇ.

1805–06ರ ಪ್ರಕರಣವನ್ನು ಬರೆಯುವಾಗ ಆರೋಪ, ಖಂಡನೆ ಮತ್ತು ತೀರ್ಪುಗಳನ್ನು ಬೇರೆಬೇರೆಯಾಗಿ ಇಡಿ. ನೌಕಾಪಡೆಯ ಖಜಾಂಚಿಯಾಗಿದ್ದಾಗ ಡಂಡಾಸ್, ಅಧೀನ ಅಧಿಕಾರಿ ಅಲೆಕ್ಸಾಂಡರ್ ಟ್ರಾಟರನಿಗೆ ಸರ್ಕಾರದ ಹಣವನ್ನು ಕೌಟ್ಸ್ ಬ್ಯಾಂಕಿನ ಸ್ವಂತ ಖಾತೆಗೆ ವರ್ಗಾಯಿಸಿಕೊಳ್ಳಲು ಬಿಟ್ಟನೆಂಬುದು ಮುಖ್ಯ ಆರೋಪ. ಖಂಡನಾ ನಿರ್ಣಯಕ್ಕೆ 216–216 ಸಮಮತ ಬಂದು, ಸ್ಪೀಕರ್ ತನ್ನ ಮತವನ್ನು ಡಂಡಾಸನ ವಿರುದ್ಧ ಹಾಕಿದ. ಮರುವರ್ಷ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ನಡೆದ ಮಹಾಭಿಯೋಗದಲ್ಲಿ ಲಾರ್ಡ್ಸ್ ಸಭೆ ಆತನನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಬ್ರಿಟನ್ನಿನಲ್ಲಿ ಆಮೇಲೆ ಅಂಥ ವಿಚಾರಣೆ ನಡೆದಿಲ್ಲ. ಬಿಡುಗಡೆಯನ್ನು ಬರೆದು ಖಂಡನೆಯನ್ನು ಮರೆಯುವುದು, ಖಂಡನೆಯನ್ನು ಬರೆದು ಬಿಡುಗಡೆಯನ್ನು ಮರೆಯುವುದು, ಎರಡೂ ಅನ್ಯಾಯವೇ.

ಡಂಡಾಸ್ 1811ರಲ್ಲಿ ತೀರಿಕೊಂಡ. ಸೇಂಟ್ ಆಂಡ್ರ್ಯೂ ಸ್ಕ್ವೇರ್‌ನ ಎತ್ತರದ ಸ್ತಂಭವನ್ನು ಎಡಿನ್‌ಬರೋದಲ್ಲಿ ಆತನ ನೆನಪಿಗಾಗಿ ನೌಕಾಪಡೆಯವರ ವಂತಿಗೆಯಿಂದ 1820ರ ದಶಕದಲ್ಲಿ ಕಟ್ಟಲಾಯಿತು, ಗುಲಾಮರ ವ್ಯಾಪಾರದ ವಿಷಯದಲ್ಲಿ ಆತನ ಪಾತ್ರವನ್ನು ಹೇಳುವ ಅದರ ಫಲಕದ ಬರಹ ಇತ್ತೀಚಿನ ವರ್ಷಗಳಲ್ಲಿ ಕಟು ಚರ್ಚೆಗೆ ಒಳಗಾಗಿದೆ. ಈ ಚರ್ಚೆಯನ್ನು ಜೀವನದ ಅಧ್ಯಾಯಗಳೊಳಗೆ ಬೆರೆಸದೆ ಕೊನೆಗೆ ಇರಿಸಿ. ಅಷ್ಟರಲ್ಲಿ 1778ರ ತೀರ್ಪನ್ನೂ 1792 ಮತ್ತು 1796ರ ಮತಗಳನ್ನೂ ಓದಿ ಮುಗಿಸಿರುವ ಓದುಗರು ಫಲಕದ ಬರಹವನ್ನು ತಾವೇ ತೂಗಿ ನೋಡಬಲ್ಲರು.