ರೆಪೋ ರೇಟ್ ಇಳೀತು ಅಂತಾರಲ್ಲ, ನಿಮ್ಮ ಸಾಲದ ಬಡ್ಡಿ ಇಳಿದಿದ್ಯಾ? ನೀವೇ ಚೆಕ್ ಮಾಡ್ಕೊಳ್ಳೋದು ಹೇಗೆ

ರೆಪೋ ರೇಟ್ ಅಂದ್ರೆ ಆರ್‌ಬಿಐ ಬ್ಯಾಂಕುಗಳಿಗೆ ಕೊಡೋ ಅಲ್ಪಾವಧಿ ಸಾಲದ ಬಡ್ಡಿ ದರ. ಅದನ್ನ ನಿರ್ಧರಿಸೋಕೆ ಎರಡು ತಿಂಗಳಿಗೊಂದ್ಸಲ ನಡೆಯೋ ಆರ್‌ಬಿಐ ಮೀಟಿಂಗ್ ಮುಗೀತಿದ್ದಂಗೆ ಟಿವಿಲಿ ಚರ್ಚೆ ಶುರುವಾಗತ್ತೆ. ಒಬ್ರು ಬೆಲೆ ಏರಿಕೆ ಹಿಡಿತಕ್ಕೆ ಬಂತು ಅಂತಾರೆ, ಎದುರಿಗೆ ಕೂತೋರು ಅಂಗಡಿಗೆ ಹೋಗಿ ನೋಡಿ ಗೊತ್ತಾಗತ್ತೆ ಅಂತಾರೆ, ಆದ್ರೆ ನಮ್ಮ ಹೋಮ್ ಲೋನಿಗೆ ಏನಾಯ್ತು, ಅಪ್ಪ ಅಮ್ಮನ ಎಫ್‌ಡಿಗೆ ಏನಾಯ್ತು ಅನ್ನೋದನ್ನ ಬಿಡಿಸಿ ಹೇಳೋರು ಕಮ್ಮಿ. ಇದನ್ನ ನಾವೇ ತಿಳ್ಕೊಬಹುದು, ಎಕನಾಮಿಕ್ಸ್ ಓದಿರಬೇಕು ಅಂತೇನಿಲ್ಲ, ಸಾಲದ ಪೇಪರು ಮತ್ತೆ ಮೊಬೈಲಲ್ಲಿ ಒಂದು ಇಎಂಐ ಕ್ಯಾಲ್ಕುಲೇಟರ್ ಇದ್ರೆ ಸಾಕು.

ಮೊದಲು ಹಣದುಬ್ಬರದ, ಅಂದ್ರೆ ಬೆಲೆ ಏರೋ ವೇಗದ, ನಂಬರ್ ಓದೋದು ಕಲೀರಿ. ಪ್ರತಿ ತಿಂಗಳು 12ನೇ ತಾರೀಕಿನ ಹೊತ್ತಿಗೆ ಕೇಂದ್ರ ಸರ್ಕಾರ ಇದನ್ನ ಬಿಡುಗಡೆ ಮಾಡತ್ತೆ. ಆ ನಂಬರ್ ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿ ಹೇಳಿದ್ದು, ಇದೊಂದು ಮರೆತ್ರೆ ಮಿಕ್ಕಿದ್ದೆಲ್ಲ ತಲೆಕೆಳಗಾಗತ್ತೆ. 2023ರ ಜುಲೈ ನೆನಪಿದ್ಯಲ್ಲ, ಕೋಲಾರ ಮಂಡಿಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು, ಆ ತಿಂಗಳ ಹಣದುಬ್ಬರ ಶೇ. 7.44. ಮುಂದಿನ ವರ್ಷ ಅದೇ ಜುಲೈಲಿ ಶೇ. 3.6ರ ಆಸುಪಾಸಿಗೆ ಬಂತು, ಅರ್ಧ ಆಯ್ತು ಅಂತ ಸುದ್ದಿ. ಬೆಲೆ ಅರ್ಧ ಆಯ್ತಾ? ಇಲ್ಲ. ಲೆಕ್ಕ ಹಾಕಿ ನೋಡಿ: 2022ರ ಜುಲೈಲಿ 100 ರೂಪಾಯಿಗೆ ಬರ್ತಿದ್ದ ಸಾಮಾನು 2023ಕ್ಕೆ 107 ಚಿಲ್ಲರೆ, 2024ಕ್ಕೆ 111 ರೂಪಾಯಿ. ಏರೋ ವೇಗ ಕಮ್ಮಿ ಆಯ್ತು ಅಷ್ಟೇ, ಬೆಲೆ ಮೇಲೆ ಹೋಗಿದ್ದು ಹೋಗಿದ್ದೇ. ಅದಕ್ಕೇ ಟಿವಿಲಿ ಕಿತ್ತಾಡೋ ಇಬ್ಬರ ಮಾತೂ ಸುಳ್ಳಲ್ಲ, ಒಬ್ರು ವೇಗದ ಬಗ್ಗೆ ಹೇಳ್ತಿದ್ದಾರೆ ಇನ್ನೊಬ್ರು ಬೆಲೆ ಬಗ್ಗೆ. ಯಾರಾದ್ರೂ ಹಣದುಬ್ಬರ ಇಳೀತು ಅಂದಾಗ ಯಾವ ತಿಂಗಳಿಗೆ ಹೋಲಿಸಿ ಹೇಳ್ತಿದ್ದಾರೆ, ಆ ತಿಂಗಳು ಏನಾಗಿತ್ತು ಅಂತ ಮೊದಲು ನೋಡಿ.

ಇನ್ನೊಂದು ವಿಷಯ, ಅದು ಇಡೀ ದೇಶದ ಸರಾಸರಿ. 2012ನ್ನ ಆಧಾರ ವರ್ಷ ಮಾಡ್ಕೊಂಡಿದ್ದ ಲೆಕ್ಕದಲ್ಲಿ ಊಟ ತಿಂಡಿ ಸಾಮಾನಿಗೆ ಶೇ. 45.86 ಪಾಲು, ಆರೋಗ್ಯಕ್ಕೆ ಬರೀ ಶೇ. 5.89. ಮನೇಲಿ ಶುಗರ್, ಬಿಪಿ ಇರೋ ಹಿರಿಯರಿದ್ರೆ, ಡಯಾಲಿಸಿಸ್ ನಡೀತಿದ್ರೆ ನಿಮ್ಮ ಖರ್ಚು ಈ ಅಳತೆಗೆ ಕೂರೋದೇ ಇಲ್ಲ. ಹೋದ ವರ್ಷದ ಮತ್ತೆ ಈ ವರ್ಷದ ಒಂದೇ ತಿಂಗಳ ರೇಷನ್ ಬಿಲ್ಲು, ಮೆಡಿಕಲ್ ಸ್ಟೋರ್ ಬಿಲ್ಲು, ಸ್ಕೂಲ್ ಫೀ ರಶೀದಿ ತಗೊಂಡು ಕೂಡಿಸಿ ಹೋಲಿಸಿ, ನಿಮ್ಮ ಮನೆ ಹಣದುಬ್ಬರ ಅದೇ.

ಸಾಮಾನಿನ ಬೆಲೆ ಏರಿಳಿಸೋ ಇನ್ನೊಂದು ವಿಷಯ ಆಮದು ರಫ್ತು. ಅದರ ಚರ್ಚೆ ಬಂದಾಗ ಇದ್ರಿಂದ ಯಾರಿಗೆ ಉಳೀತು, ಯಾರ ಕೈಯಿಂದ ಹೋಯ್ತು ಅಂತ ಕೇಳ್ಕೊಳ್ಳಿ. 2023ರ ಆಗಸ್ಟಲ್ಲಿ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿದ್ರು, ಡಿಸೆಂಬರಲ್ಲಿ ರಫ್ತನ್ನೇ ನಿಲ್ಲಿಸಿದ್ರು, ಊರಲ್ಲಿ ಕೊಳ್ಳೋರಿಗೆ ಅನುಕೂಲ, ಬೆಳೆದೋರಿಗೆ ಪೆಟ್ಟು. ಚಿಕ್ಕಬಳ್ಳಾಪುರ ಕೋಲಾರ ಕಡೆ ಬೆಳೆಯೋ ಬೆಂಗಳೂರು ರೋಸ್ ಈರುಳ್ಳಿ ಹೆಚ್ಚಾಗಿ ಹೊರದೇಶಕ್ಕೇ ಹೋಗೋದು, ಅದನ್ನ ತಡೆದ್ರೆ ಇಲ್ಲಿ ಬೆಲೆಯೇನೂ ಇಳಿಯಲ್ಲ, ರೈತರು ಕೂಗಿದ ಮೇಲೆ ಅದಕ್ಕೆ ಸುಂಕದಿಂದ ವಿನಾಯಿತಿ ಸಿಕ್ತು. ಅಡುಗೆ ಎಣ್ಣೆ ಕಥೆ ಉಲ್ಟಾ: 2024ರ ಸೆಪ್ಟೆಂಬರಲ್ಲಿ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆ ಮೇಲೆ ಶೇ. 20 ಆಮದು ಸುಂಕ ಹಾಕಿದ್ದು ಎಣ್ಣೆಕಾಳು ಬೆಳೆಯೋರಿಗೋಸ್ಕರ, 2025ರ ಮೇ ಕೊನೇಲಿ ಅದನ್ನ 10ಕ್ಕೆ ಇಳಿಸಿದ್ದು ಕೊಳ್ಳೋರಿಗೋಸ್ಕರ.

ಈಗ ಬಡ್ಡಿ. ರೆಪೋ ರೇಟ್ ನಿರ್ಧಾರ ಮಾಡೋದು ಆರು ಜನರ ಸಮಿತಿ, ಮೂರು ಜನ ಆರ್‌ಬಿಐನವರು, ಮೂರು ಜನ ಕೇಂದ್ರ ಸರ್ಕಾರ ನೇಮಿಸಿದೋರು, ಸಮ ಆದ್ರೆ ಗವರ್ನರ್ ಇನ್ನೊಂದು ವೋಟ್ ಹಾಕ್ತಾರೆ. ಹಣದುಬ್ಬರವನ್ನ ಶೇ. 4ರಲ್ಲಿ ಇಡೋದು ಇವರ ಗುರಿ, ಆ ಕಡೆ ಈ ಕಡೆ ಎರಡು ಆದ್ರೂ ನಡೆಯತ್ತೆ. ಮೀಟಿಂಗಾಗಿ 14ನೇ ದಿನ ಯಾರು ಏನು ಹೇಳಿದ್ರು ಅನ್ನೋದು ಆರ್‌ಬಿಐ ವೆಬ್‌ಸೈಟಲ್ಲಿ ಬರತ್ತೆ, ಟಿವಿ ಚರ್ಚೆಗಿಂತ ಅದನ್ನ ಓದಿ ಅಂತೀನಿ ನಾನು. 2024ರ ಆಗಸ್ಟಲ್ಲಿ ನಾಲ್ಕು ಜನ ಬಡ್ಡಿ ಹಂಗೇ ಇರ್ಲಿ ಅಂದಾಗ ಜಯಂತ್ ವರ್ಮಾ, ಅಶಿಮಾ ಗೋಯಲ್ ಇಬ್ರು ಇಳಿಸಬೇಕು ಅಂತ ವೋಟ್ ಹಾಕಿದ್ರು, ಯಾಕೆ ಅಂತಾನೂ ಬರೆದಿದ್ದಾರೆ.

2025ರಲ್ಲಿ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ನಾಲ್ಕು ಸಲ ಇಳಿಸಿ 6.50 ಇದ್ದ ರೆಪೋ 5.25ಕ್ಕೆ ಬಂತು. ನಿಮ್ಮ ಸಾಲಕ್ಕೂ ಅಷ್ಟೇ ಇಳಿದಿದ್ಯಾ ನೋಡೋಕೆ ಸ್ಯಾಂಕ್ಷನ್ ಲೆಟರ್, ಅಂದ್ರೆ ಸಾಲ ಮಂಜೂರಾದಾಗ ಬ್ಯಾಂಕ್ ಕೊಟ್ಟ ಪತ್ರ, ತೆಗೀರಿ. ಬಡ್ಡಿ ದರದ ಜಾಗದಲ್ಲಿ ಇಬಿಎಲ್‌ಆರ್ (EBLR) ಅಥವಾ ಆರ್‌ಎಲ್‌ಎಲ್‌ಆರ್ (RLLR) ಅಂತ ಇದ್ರೆ ಹೆಚ್ಚಿನ ಬ್ಯಾಂಕುಗಳಲ್ಲಿ ಅದು ರೆಪೋಗೆ ನೇರ ಕಟ್ಟಿದ ಸಾಲ, ಮೂರು ತಿಂಗಳಿಗೊಂದ್ಸಲವಾದ್ರೂ ರೆಪೋಗೆ ತಕ್ಕಂಗೆ ದರ ಸರಿಮಾಡಲೇಬೇಕು, ಇದಕ್ಕೆ ರೀಸೆಟ್ ಅಂತಾರೆ. 2019ರ ಅಕ್ಟೋಬರ್ ಆದ್ಮೇಲೆ ಬ್ಯಾಂಕಲ್ಲಿ ತಗೊಂಡ ಫ್ಲೋಟಿಂಗ್, ಅಂದ್ರೆ ಬಡ್ಡಿ ಬದಲಾಗ್ತಿರೋ, ಹೋಮ್ ಲೋನ್ ಹೆಚ್ಚಿನವು ಈ ಥರದ್ದೇ. ಎಂಸಿಎಲ್‌ಆರ್ (MCLR) ಅಥವಾ ಬೇಸ್ ರೇಟ್ ಅಂತ ಇದ್ರೆ ಅದು ಬ್ಯಾಂಕ್ ತನ್ನದೇ ಲೆಕ್ಕದಲ್ಲಿ ದರ ಇಡೋ ಹಳೇ ಪದ್ಧತಿ, ಅಲ್ಲಿ ಇಳಿಕೆ ತಡವಾಗಿ ಅರ್ಧಂಬರ್ಧ ಬರತ್ತೆ, ಬ್ರಾಂಚಿಗೆ ಹೋಗಿ ರೆಪೋ ಲಿಂಕ್‌ಗೆ ಬದಲಾಯಿಸ್ಕೊಡಿ ಅಂತ ಬರೆದುಕೊಡಿ, ಅದಕ್ಕೊಂದು ಫೀ ಇರತ್ತೆ, ಎಷ್ಟು ಅಂತ ಕೇಳಿ ಉಳಿಯೋ ಬಡ್ಡಿ ಜೊತೆ ತೂಗಿ ನೋಡಿ. ಹೌಸಿಂಗ್ ಫೈನಾನ್ಸ್ ಕಂಪನಿ ಸಾಲಕ್ಕೆ ಈ ರೂಲ್ ಇಲ್ಲ, ಅವರದ್ದು ಅವರದ್ದೇ ದರ, ಅಲ್ಲಿರೋರು ಇನ್ನೂ ಹುಷಾರಾಗಿ ನೋಡ್ಬೇಕು.

ಬಡ್ಡಿ ಇಳಿದಾಗ ಇಎಂಐ ಕಮ್ಮಿ ಮಾಡ್ಬೇಕಾ, ತಿಂಗಳುಗಳನ್ನ ಕಮ್ಮಿ ಮಾಡ್ಬೇಕಾ? ನಿಜವಾದ ದುಡ್ಡು ಉಳಿಯೋದು ಇಲ್ಲೇ. 30 ಲಕ್ಷ ಸಾಲ, 20 ವರ್ಷ, 8.5 ಬಡ್ಡಿ ಅಂದ್ರೆ ಇಎಂಐ ಸುಮಾರು 26,035. ಶುರುವಲ್ಲೇ ಬಡ್ಡಿ 7.5 ಆಯ್ತು ಅಂತಿಟ್ಕೊಳ್ಳಿ, ಇಎಂಐ ಇಳಿಸಿದ್ರೆ 24,168, ತಿಂಗಳಿಗೆ 1,867 ಉಳೀತು ಅಂತ ಖುಷಿಯಾಗತ್ತೆ. ಆದ್ರೆ ಹಳೇ 26,035ನ್ನೇ ಕಟ್ಕೊಂಡು ಹೋದ್ರೆ ಸಾಲ 17 ವರ್ಷದ ಆಸುಪಾಸಿಗೇ ಮುಗಿಯತ್ತೆ, ಇಎಂಐ ಇಳಿಸ್ಕೊಂಡೋರಿಗಿಂತ ಒಟ್ಟು ಹತ್ರ ಹತ್ರ 4 ಲಕ್ಷದ 80 ಸಾವಿರ ಕಮ್ಮಿ ಕಟ್ಟಿರ್ತೀರಿ. ಮನೇಲಿ ಕೈ ಬಿಗಿ ಇದ್ರೆ ಇಎಂಐ ಇಳಿಸ್ಕೊಳ್ಳಿ ತಪ್ಪಿಲ್ಲ, ಆಗಲ್ಲ ಅನ್ನೋ ಕಷ್ಟ ಇಲ್ಲದಿದ್ರೆ ಅವಧಿ ಇಳಿಸಿ. 2022ರಲ್ಲಿ ಬಡ್ಡಿ ಏರಿದಾಗ ಎಷ್ಟೋ ಜನರ ಅವಧಿ ಗೊತ್ತೇ ಆಗದಂಗೆ ಉದ್ದ ಆಗಿತ್ತು, ಆಮೇಲೆ ಬ್ಯಾಂಕುಗಳು ಗ್ರಾಹಕರಿಗೆ ತಿಳಿಸಲೇಬೇಕು, ಆಯ್ಕೆ ಕೊಡಲೇಬೇಕು ಅಂತ 2023ರ ಆಗಸ್ಟಲ್ಲಿ ಆರ್‌ಬಿಐ ಆದೇಶ ಮಾಡ್ತು, ಹಾಗಾಗಿ ಇನ್ನೂ ಎಷ್ಟು ಕಂತು ಬಾಕಿ ಅಂತ ಸ್ಟೇಟ್‌ಮೆಂಟಲ್ಲಿ ಇವತ್ತೇ ನೋಡಿ.

ಎಫ್‌ಡಿ ನಂಬಿರೋ ಹಿರಿಯರಿಗೆ ಇದೇ ಇಳಿಕೆ ನಷ್ಟ. ಬಡ್ಡಿಲಿ ಹಣದುಬ್ಬರ ಕಳೆದು ಎಷ್ಟು ಉಳಿಯತ್ತೆ ನೋಡಿ, ಜಾಸ್ತಿ ಬಡ್ಡಿ ಆಸೆಗೆ ಎಲ್ಲಾ ದುಡ್ಡನ್ನ ಒಂದೇ ಬ್ಯಾಂಕಲ್ಲಿ ಇಡೋಕೆ ಬಿಡಬೇಡಿ. ಬ್ಯಾಂಕ್ ಮುಳುಗಿದ್ರೆ ವಿಮೆ ಸಿಗೋದು ಒಬ್ಬರಿಗೆ ಒಂದು ಬ್ಯಾಂಕಿಗೆ ಹೆಚ್ಚಂದ್ರೆ 5 ಲಕ್ಷ, ಅಸಲು ಬಡ್ಡಿ ಸೇರಿ, ಅದೇ ಬ್ಯಾಂಕಿನ ನಾಲ್ಕು ಬ್ರಾಂಚಲ್ಲಿಟ್ರೂ ಅಷ್ಟೇ.

ರೀಸೆಟ್ ತಾರೀಕು ದಾಟಿದ್ರೂ ನಿಮ್ಮ ದರ ಬದಲಾಗಿಲ್ಲ ಅಂದ್ರೆ ಬ್ಯಾಂಕಿಗೆ ಬರವಣಿಗೇಲಿ ದೂರು ಕೊಟ್ಟು ನಂಬರ್ ತಗೊಳ್ಳಿ, 30 ದಿನ ಕಾದ್ರೂ ಉತ್ತರ ಬರದಿದ್ರೆ ಆರ್‌ಬಿಐನ ಸಿಎಂಎಸ್ (CMS) ಅನ್ನೋ ದೂರಿನ ಪೋರ್ಟಲ್‌ನಲ್ಲಿ ಓಂಬುಡ್ಸ್‌ಮನ್‌ಗೆ, ಅಂದ್ರೆ ಗ್ರಾಹಕರ ದೂರು ವಿಚಾರಿಸೋ ಅಧಿಕಾರಿಗೆ, ಹಾಕಿ, ದುಡ್ಡು ಕೊಡಬೇಕಾಗಿಲ್ಲ, ಲಾಯರೂ ಬೇಕಾಗಿಲ್ಲ, ಸ್ಯಾಂಕ್ಷನ್ ಲೆಟರ್ ಮತ್ತೆ ಬ್ಯಾಂಕಿಗೆ ಕೊಟ್ಟ ದೂರಿನ ಕಾಪಿ ಜೊತೆಗಿರ್ಲಿ.